ಯರಗೇರಾ ಕ್ರಾಸಿನವರೆಗೆ

ಗುರುವಾರ ಬಂತೆಂದರೆ ಮಾನ್ವಿಯ ಸಾವುಕಾರ ದೊಡ್ಡಪ್ಪನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಿವಿಯ ಹಿಂದೆ ಒಂದಿಷ್ಟು ಅತ್ತರು ಸವರಿಕೊಂಡು, ಹೆಂಡತಿ ಚನ್ನಮಲ್ಲಮ್ಮನ ಕೈಯಿಂದ ಒಂದು ಡಬ್ಬಿ ಶೇಂಗಾ ಹೋಳಿಗೆ ತುಂಬಿಸಿಕೊಂಡು ಕಾರು ಹತ್ತುತ್ತಿದ್ದ.

"ಎಲ್ಲಿಗ್ರಿ?" ಎಂದು ಅವಳು ಕೇಳುವುದು, "ರಾಯಚೂರು ಗಂಜಿನಾಗ ಸ್ವಲ್ಪ ಕೆಲಸ ಅದ" ಎಂದು ಇವನು ಹೇಳುವುದು, ಎರಡೂ ವಾರವಾರದ ಮಾತು. ಗಂಜಿನ ಧಾನ್ಯದ ಅಡತಿ ಅಂಗಡಿಗಳಲ್ಲಿ ಅವನಿಗೆ ಈಗ ಯಾವ ಕೆಲಸವೂ ಉಳಿದಿರಲಿಲ್ಲ. ಅಕ್ಕಿ ಗಿರಣಿಯನ್ನು ಹಿರಿಯ ಮಗ ಚನ್ನವೀರ ನೋಡಿಕೊಳ್ಳುತ್ತಿದ್ದ. ಅಪ್ಪ ಗಿರಣಿಗೆ ಬಂದರೆ ಗಾದಿಯ ಮೇಲೆ ಕೂಡಿಸಿ, ಛಾ ತರಿಸಿ ಕೊಟ್ಟು, ಯಾವ ಮಾತಿಗೂ "ಹೂಂ ಅಪ್ಪಾ" ಎಂದು ಹೇಳಿ ತನಗೆ ತಿಳಿದದ್ದನ್ನೇ ಮಾಡುತ್ತಿದ್ದ. ಇಡೀ ಜೀವಮಾನ ನಾಲ್ಕು ಜನಕ್ಕೆ ಹೀಗೆ ಮಾಡು ಹಾಗೆ ಮಾಡು ಎಂದು ಹೇಳಿ ರೂಢಿಯಾದವನನ್ನು ಹೀಗೆ ಸುಮ್ಮನೆ ಕೂಡಿಸಿದರೆ ಅವನು ಏನು ಮಾಡಬೇಕು?

ಕಾರು ರಾಯಚೂರು ದಾಟುತ್ತಿತ್ತು. ಗಂಜಿನ ಕಡೆ ತಿರುಗದೆ ಮಂತ್ರಾಲಯದ ರಸ್ತೆ ಹಿಡಿದು ಯರಗೇರಾ ಕ್ರಾಸಿನಲ್ಲಿ ನಿಲ್ಲುತ್ತಿತ್ತು. ಅಲ್ಲಿ ದಸ್ತಗೀರ್ ಸಾಬನ ಛಾದ ಅಂಗಡಿ. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತರೆ ಎದುರಿಗೆ ವಿಶ್ವವಿದ್ಯಾಲಯದ ಕಮಾನು ಕಾಣುತ್ತದೆ, ಅದರಾಚೆ ಬೇವಿನ ಗಿಡಗಳು, ಇನ್ನೂ ಆಚೆ ಹುಡುಗಿಯರ ಹಾಸ್ಟೆಲ್ಲಿನ ಮಾಳಿಗೆ. ದೊಡ್ಡಪ್ಪ ಒಂದು ಛಾ ಕುಡಿದು, ಆ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗಳನ್ನು ದೂರದಿಂದಲೇ ನೋಡಿ, ಮಗಳದ್ದು ಯಾವುದೋ ಎಂದು ಕಣ್ಣು ಕಿರಿದು ಮಾಡಿ, ಎದ್ದು ಮಾನ್ವಿಗೆ ತಿರುಗುತ್ತಿದ್ದ. ಒಮ್ಮೆ ಬಸ್ಸಿನಿಂದ ಮಗಳೇ ಇಳಿದುಬಿಟ್ಟಾಗ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿದ್ದ. ಪೇಪರು ತಲೆಕೆಳಗಾಗಿತ್ತು ಎಂದು ಆಮೇಲೆ ದಸ್ತಗೀರ್ ಸಾಬ ಹೇಳಿದ.

"ಒಳಗ ಹೋಗಬಾರದೇನ್ರಿ ಸಾವ್ಕಾರ್ರ?" ಎಂದು ದಸ್ತಗೀರ್ ಸಾಬ ಕೇಳಿದರೆ ದೊಡ್ಡಪ್ಪನದು ಒಂದೇ ಉತ್ತರ: "ಕರದಿಲ್ಲಲ್ಲಪ್ಪಾ."

ಕರೆಯದೆ ಹೋಗಿ ಕೆಡಿಸಿಕೊಂಡದ್ದರಿಂದಲೇ ಈ ಗತಿ ಬಂದಿತ್ತು. ಕಾವ್ಯಾ ಅವನ ಕೊನೆಯ ಮಗಳು. ಸಸ್ಯಶಾಸ್ತ್ರದ ಎಂ.ಎಸ್ಸಿ.ಗೆ ಸೇರಿ ಹಾಸ್ಟೆಲ್ಲಿನಲ್ಲಿ ಉಳಿದ ಮೊದಲ ತಿಂಗಳಲ್ಲಿ ದೊಡ್ಡಪ್ಪನ ಕಾರು ಕ್ಯಾಂಪಸ್ಸಿನಲ್ಲಿ ನಿಂತಷ್ಟು ಕುಲಪತಿಗಳ ಕಾರೂ ನಿಂತಿರಲಿಕ್ಕಿಲ್ಲ. ಮಗಳ ಕೋಣೆಯ ಫ್ಯಾನು ಸಪ್ಪಳ ಮಾಡುತ್ತದೆಂದು ಗಿರಣಿಯ ಕರೆಂಟಿನವನನ್ನೇ ಕರೆತಂದ. ಗೇಟಿನ ಕಾವಲುಗಾರನಿಗೆ ಕುರ್ಚಿ ಯಾವ ಕಡೆ ಹಾಕಿಕೊಂಡು ಕೂತರೆ ರಸ್ತೆ ಚೆನ್ನಾಗಿ ಕಾಣುತ್ತದೆ ಎಂದು ಪಾಠ ಮಾಡಿದ. ಇದನ್ನೆಲ್ಲ ಕಾವ್ಯಾ ನುಂಗಿಕೊಂಡಳು. ಆದರೆ ಅವಳು ಮೊದಲ ಸಲ ಸೆಮಿನಾರ್ ಕೊಡುವ ದಿನ ಅವನು ಹಿಂದಿನ ಬೆಂಚಿನಲ್ಲಿ ಬಂದು ಕುಳಿತ. ಪ್ರಾಧ್ಯಾಪಕರೊಬ್ಬರು ಒಂದು ಪ್ರಶ್ನೆ ಕೇಳಿದಾಗ ಹುಡುಗಿ ಕ್ಷಣ ತಡವರಿಸಿದಳು. ದೊಡ್ಡಪ್ಪ ಎದ್ದು ನಿಂತು, "ಅಕಿಗೆ ಬರ್ತದರಿ ಸರ್, ಅಂಜ್ಯಾಳ ಅಷ್ಟ. ಸ್ವಲ್ಪ ತಡೀರಿ" ಎಂದುಬಿಟ್ಟ. ಇಡೀ ತರಗತಿ ಗೊಳ್ಳೆಂದಿತು.

ಆ ಸಂಜೆ ಗೇಟಿನ ಹತ್ತಿರ ಮಗಳು ಕಣ್ಣು ತುಂಬಿಕೊಂಡು ಹೇಳಿದಳು. "ಯಪ್ಪಾ, ನಿನ್ನ ಕಾಲಿಗಿ ಬೀಳ್ತೀನಿ. ಕರದಾಗ ಬಾ. ಕರೀಲಿಲ್ಲಂದ್ರ ಬರಬ್ಯಾಡ."

ಆಗಲಿ ಎಂದ ಅವನು ಮತ್ತೆ ಬರಲಿಲ್ಲ. ಮೊಂಡನಾದರೂ ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ. ಮಗಳು ಹಬ್ಬಕ್ಕೆ ಬಂದಾಗ ನಗುನಗುತ್ತಲೇ ಇದ್ದಳು, ಮನೆಯಲ್ಲಿ ಎಲ್ಲವೂ ಮೊದಲಿನಂತೆಯೇ ಇತ್ತು. ಆದರೆ ಹೊರಡುವಾಗ "ಬಾ" ಎಂಬ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ. ದೊಡ್ಡಪ್ಪ ಅದಕ್ಕಾಗಿ ಬಾಗಿಲ ತನಕ ಹೋಗಿ ನಿಂತು, ಬಸ್ ನಿಲ್ದಾಣದ ತನಕ ಹೋಗಿ ನಿಂತು, ಬರಿಗೈಯಲ್ಲಿ ತಿರುಗಿದ.

ಹೀಗಿರುವಾಗ ಚಳಿಗಾಲದ ಒಂದು ಮುಂಜಾನೆ ಅವನ ಫೋನಿಗೆ ಸಂದೇಶ ಬಂತು. ವಿಶ್ವವಿದ್ಯಾಲಯದಲ್ಲಿ ಪಾಲಕರ ದಿನ. ತಂದೆ ತಾಯಂದಿರು ಬೆಳಿಗ್ಗೆ ಮಕ್ಕಳ ಜೊತೆ ತರಗತಿಯಲ್ಲಿ ಕೂಡಬಹುದು, ಪ್ರಯೋಗಾಲಯ, ಗ್ರಂಥಾಲಯ, ಹಾಸ್ಟೆಲ್ಲು ನೋಡಬಹುದು, ಮಧ್ಯಾಹ್ನ ಮಕ್ಕಳು ಉಣ್ಣುವ ಮೆಸ್ಸಿನಲ್ಲೇ ಊಟ. ಕೊನೆಯ ಸಾಲನ್ನು ಓದಿದಾಗ ದೊಡ್ಡಪ್ಪ ಕುಳಿತಲ್ಲಿಂದ ಎದ್ದುಬಿಟ್ಟ. ಪ್ರತಿ ತಾಲೂಕಿನಿಂದ ಒಬ್ಬ ಪಾಲಕರನ್ನು ಆರಿಸಿ ಪಾಲಕರ ಪರಿಷತ್ತು ಮಾಡುವುದಿತ್ತು. ಪರಿಷತ್ತಿನವರನ್ನು ವರ್ಷಕ್ಕೆ ನಾಲ್ಕು ಸಲ ಕ್ಯಾಂಪಸ್ಸಿಗೆ ಕರೆಯುತ್ತಾರೆ. ಆರಿಸುವವರು ಆಯಾ ತಾಲೂಕಿನ ವಿದ್ಯಾರ್ಥಿಗಳು.

"ಕರೀತಾರ!" ಎಂದ ದೊಡ್ಡಪ್ಪ. "ಏ ಇವಳ, ಕೇಳಿಲ್ಲಿ. ಕುಲಪತಿಗಳ ಕರೀತಾರ. ವರ್ಷಕ್ಕ ನಾಕ ಸರತಿ."

"ನಮ್ಮನ್ನೆಲ್ಲಾರ್ನೂ ಕರದಾರ" ಎಂದಳು ಚನ್ನಮಲ್ಲಮ್ಮ, ಸಂದೇಶ ತನ್ನ ಫೋನಿಗೂ ಬಂದದ್ದನ್ನು ತೋರಿಸುತ್ತ. "ಹೋಗಿ, ನೋಡಿ, ಉಂಡು ಬರೋದು. ಆರಿಸೋದು ಪಾರಿಸೋದು ನಿಮಗ್ಯಾಕ?"

ಯಾಕೆ ಎಂದು ಅವನು ಹೇಳಲಿಲ್ಲ. ಕುಲಪತಿಗಳೇ ಕರೆದರೆ ಮಗಳು ಬರಬೇಡ ಎನ್ನಲಾರಳು ಎಂಬುದು ಅವನ ಲೆಕ್ಕ. ಇನ್ನು ಚುನಾವಣೆಯೆಂಬುದು ಅವನಿಗೆ ಹೊಸದೇನಲ್ಲ. ಗಿರಣಿ ಮಾಲೀಕರ ಸಂಘ, ಪತ್ತಿನ ಸಹಕಾರ ಸಂಘ, ಮಠದ ಸಮಿತಿ, ಎಲ್ಲದರಲ್ಲೂ ನಿಂತು ಗೆದ್ದವನು. ಗೆಲ್ಲುವ ದಾರಿಯೂ ಅವನಿಗೆ ಒಂದೇ ಗೊತ್ತಿತ್ತು: ಮೊದಲು ಫ್ಲೆಕ್ಸು, ಆಮೇಲೆ ಊಟ, ಕಡೆಗೆ ಹಾರ.

ಮಾನ್ವಿಯ ಮುಕರ್ರಂ ಫ್ಲೆಕ್ಸ್ ಅಂಗಡಿಯವನು ಕೈಜೋಡಿಸಿ ನಿಂತ ದೊಡ್ಡಪ್ಪನ ಚಿತ್ರವನ್ನು ಆಳೆತ್ತರ ಮಾಡಿ, ಹಿಂದೆ ಹಸಿರು ಗದ್ದೆ ಹಾಕಿ, ಮೇಲೆ "ಮಾನ್ವಿ ತಾಲೂಕಿನ ಸಮಸ್ತ ಪಾಲಕರ ಆಶಾಕಿರಣ" ಎಂದು ಬರೆದುಕೊಟ್ಟ. ಕಾರ್ಯಕ್ರಮದ ಹಿಂದಿನ ದಿನ ಅದು ಯರಗೇರಾ ಕ್ರಾಸಿನಲ್ಲಿ ಎದ್ದು ನಿಂತಿತು. ಒಂದು ತಾಸು ಕಳೆದಿತ್ತೋ ಇಲ್ಲವೋ, ಕಾವ್ಯಾಳ ಫೋನು ಬಂತು.

"ಯಪ್ಪಾ, ಇದೇನು ಎಮ್ಮೆಲ್ಲೆ ಇಲೆಕ್ಷನ್ನೇನು? ಇಡೀ ಕ್ಯಾಂಪಸ್ಸು ನನಗ ಆಶಾಕಿರಣನ ಮಗಳು ಅನ್ನಾಕತ್ತದ. ನಾವ ಹುಡುಗಿಯರು ಹೋಗಿ ಬಿಚ್ಕೊಂಡು ಬಂದೀವಿ."

"ಚೊಲೊ ಆತು ಬಿಡವ್ವಾ" ಎಂದ ದೊಡ್ಡಪ್ಪ, ಮುಖ ಇಷ್ಟೇ ಇಷ್ಟು ಮಾಡಿಕೊಂಡು. "ನಾಳಿ ಬರಲೋ ಬ್ಯಾಡೋ?"

"ಎಲ್ಲಾರ್ನೂ ಕರದಾರಲ್ಲ, ಬರ್ರಿ" ಎಂದಳು. ಅದು ಅವನು ಕಾಯುತ್ತಿದ್ದ ಮಾತಲ್ಲ.

ಆದರೂ ಊಟದ ಯೋಜನೆ ಇನ್ನೂ ಕೈಯಲ್ಲಿತ್ತು. ಆ ದಿನದ ಅನ್ನಕ್ಕೆ ಅಕ್ಕಿ ತನ್ನದೇ ಎಂದು ಅವನು ಪಾಲಕರ ದಿನದ ಉಸ್ತುವಾರಿ ಹೊತ್ತಿದ್ದ ಪ್ರಾಧ್ಯಾಪಕಿ ಅನುರಾಧಾ ಅವರಿಗೆ ಮೊದಲೇ ಹೇಳಿ ಒಪ್ಪಿಸಿದ್ದ. ಮನೆಯ ಮದುವೆಗೆಂದು ಕಾಯ್ದಿಟ್ಟಿದ್ದ ಹಳೆಯ ಸೋನಾ ಮಸೂರಿ. ಮೂಟೆಗಳು ಬೆಳಗಾಗುವ ಮೊದಲೇ ಗಿರಣಿಯ ಗಾಡಿಯಲ್ಲಿ ಹೋದವು. ಹಿಂದೆ ದೊಡ್ಡಪ್ಪ, ಚನ್ನಮಲ್ಲಮ್ಮ ಹೋಳಿಗೆಯ ಡಬ್ಬಿ ಇಟ್ಟುಕೊಂಡು ಕಾರಿನಲ್ಲಿ ಹೊರಟರು. ರಾಯಚೂರಿನ ತೀನ್ ಕಂದೀಲಿನ ಹತ್ತಿರ "ಒಂದ್ ನಿಮಿಷ" ಎಂದು ಇಳಿದು ಹೋದವನು ಚೆಂಡು ಹೂವಿನ ದಪ್ಪನೆಯ ಹಾರವೊಂದನ್ನು ಬಾಳೆ ಎಲೆಯಲ್ಲಿ ಸುತ್ತಿಸಿ ತಂದು ಡಿಕ್ಕಿಯಲ್ಲಿಟ್ಟ. ಹೆಂಡತಿ ನೋಡಿಯೂ ನೋಡದಂತೆ ಕುಳಿತಳು.

ಕಮಾನಿನ ಒಳಗೆ ಕಾರು ದಾಟಿದಾಗ ದೊಡ್ಡಪ್ಪ ಅಂಗಿಯ ಕಾಲರು ಸರಿಮಾಡಿಕೊಂಡ. ಕಾವ್ಯಾ ಕಾಯುತ್ತಿದ್ದಳು. ಜೊತೆಗೆ ಅವಳ ಕೋಣೆಯ ಗೆಳತಿ ಶಶಿಕಲಾ, ಅವಳ ತಂದೆ ಪಕೀರಪ್ಪ. ಪಕೀರಪ್ಪ ದೇವದುರ್ಗದಿಂದ ಮಂತ್ರಾಲಯಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ಮಾತಿನಲ್ಲಿ ಚುರುಕು, ನಗು ಧಾರಾಳ. ದೊಡ್ಡಪ್ಪನಿಗೆ ಅವನ ಪರಿಚಯ ಮೊದಲ ತಿಂಗಳಿಂದಲೇ ಇತ್ತು. ಅವನನ್ನು ಕಾರಿನ ಹಿಂದೆ ಕರೆದೊಯ್ದು ಡಿಕ್ಕಿ ತೆರೆದು ಹಾರದ ಸುರುಳಿಯನ್ನು ಕೈಗಿಟ್ಟ. "ಪಕೀರಪ್ಪಣ್ಣ, ನನ್ನ ಹೆಸರು ಹೇಳಿದ ಕೂಡ್ಲೆ ನೀವು ಓಡಿ ಬಂದು ಇದನ್ನ ನನಗ ಹಾಕಬೇಕು."

"ನಿಮ್ಮ ಹಾರ ನಿಮಗ ಹಾಕೋದೇನ್ರಿ?" ಎಂದು ಪಕೀರಪ್ಪ ನಕ್ಕ. "ಆಗಲ್ರಿ ಸಾವ್ಕಾರ್ರ. ನಮ್ಮ ಕಡಿ ಎಲ್ಲಾ ಹಾರನೂ ಹಂಗ ಬರ್ತಾವ."

ಮೊದಲು ತರಗತಿ. "ಬಾರಪ್ಪಾ" ಎಂದು ಕಾವ್ಯಾ ಎರಡು ಹೆಜ್ಜೆ ಹಾಕಿದ್ದಳು. ಅಷ್ಟರಲ್ಲಿ ದೊಡ್ಡಪ್ಪನಿಗೆ ಮೆಸ್ಸಿನ ಚಿಮಣಿಯ ಹೊಗೆ ಕಂಡಿತು. ಅಕ್ಕಿ ಒಲೆಯ ಮೇಲೇರುವ ಹೊತ್ತು. "ನೀವು ನಡೀರಿ, ನಾ ಅಡಿಗಿ ಕಡಿ ಒಂದ್ ಸುತ್ತು ಹಾಕಿ ಬರ್ತೀನಿ" ಎಂದ. ಕಾವ್ಯಾ ಒಂದು ಕ್ಷಣ ನಿಂತಳು. ಆಮೇಲೆ ಅವ್ವನ ಕೈ ಹಿಡಿದುಕೊಂಡು ಹೋದಳು. ಮಗಳ ಜೊತೆ ಕೂಡುವುದಕ್ಕಾಗಿಯೇ ಇಷ್ಟೆಲ್ಲ ಆಟ ಕಟ್ಟಿದ ಮನುಷ್ಯ, ಮಗಳು ಕರೆದ ಗಳಿಗೆಯಲ್ಲಿ ಅನ್ನ ನೋಡಲು ಹೋದ. ಅವನ ತಲೆಗೆ ಏನು ಹೇಳೋಣ!

ಮೆಸ್ಸಿನ ಹಿರಿಯ ಅಡುಗೆಯವಳು ಅನ್ವರಿ ಬೇಗಂ ದೊಡ್ಡ ಡಬರಿಗಳಲ್ಲಿ ಎಸರಿಟ್ಟಿದ್ದಳು. ಹೆಂಗಸರು ನೆಲದ ಮೇಲೆ ಬಿಳಿಯ ಪರದೆಯೊಂದನ್ನು ಹಾಸಿಕೊಂಡು ಈರುಳ್ಳಿ ಹೆಚ್ಚುತ್ತಿದ್ದರು. ಅದರ ಅಂಚು ಮಡಿಚಿಕೊಂಡಲ್ಲಿ ಹಸಿರು ಗದ್ದೆಯೂ ಒಂದು ಜೋಡಿಸಿದ ಕೈಯೂ ಇಣುಕುತ್ತಿದ್ದವು.

"ಸಾವ್ಕಾರ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದಳು ಅನ್ವರಿ ಬೇಗಂ. "ಹುಡುಗಿಯರು ತಂದು ಕೊಟ್ರು. ನಿಮ್ಮ ಬೆನ್ನ ಮ್ಯಾಲ ಉಳ್ಳಾಗಡ್ಡಿ ಹೆಚ್ಚಾಕತ್ತೀವಿ."

ದೊಡ್ಡಪ್ಪ ಅದನ್ನು ಕೇಳಿಸಿಕೊಳ್ಳದವನಂತೆ ಡಬರಿಯೊಳಗೆ ಇಣುಕಿದ. "ಇದೇನು ಅಕ್ಕಾರ, ಇಷ್ಟ ನೀರು? ಅರ್ಧಾ ತಗೀರಿ."

"ಹಳೇ ಅಕ್ಕಿ ಅದರಿ. ನೀರು ಜಾಸ್ತಿ ಕುಡೀತದ."

"ನಾ ಹುಟ್ಟಿದ್ದ ಅಕ್ಕಿ ಚೀಲದ ಮ್ಯಾಲ. ಅಕ್ಕಿ ಮಾತು ನನಗ ಹೇಳಬ್ಯಾಡ್ರಿ. ಇಂಥಾ ಅಕ್ಕಿ ಉದುರುದುರಾಗಿ ಬರಬೇಕು. ಒಂದಕ್ಕೊಂದು ಅಂಟಿದ್ರ ನನ್ನ ಹೆಸರು ಹೋತು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮುಷ್ಟಿಯಲ್ಲಿ ಹಿಡಿದು ಮೂಸಿ ಅಕ್ಕಿಯ ವಯಸ್ಸು ಹೇಳಬಲ್ಲವನು ಅವನು. ಭತ್ತ ಗಿರಣಿಗೆ ಬಂದಲ್ಲಿಂದ ಚೀಲದ ಬಾಯಿ ಹೊಲಿಯುವವರೆಗೆ ಎಲ್ಲವೂ ಅವನಿಗೆ ಗೊತ್ತು. ಚೀಲದಿಂದ ತಟ್ಟೆಗೆ ಬರುವವರೆಗೆ ಏನಾಗುತ್ತದೆ ಎಂಬುದನ್ನು ಮಾತ್ರ ಅವನು ಹುಟ್ಟಿದಾಗಿನಿಂದ ಒಮ್ಮೆಯೂ ನೋಡಿರಲಿಲ್ಲ. ಅದು ಚನ್ನಮಲ್ಲಮ್ಮನ ಅಡುಗೆಮನೆಯ ಬಾಗಿಲ ಹಿಂದೆ ಆಗುವ ಸಂಗತಿ. ಅನ್ವರಿ ಬೇಗಂ ಅವನ ಮುಖ ನೋಡಿದಳು, ಅಕ್ಕಿ ಕೊಟ್ಟ ಧಣಿ, ವಾದ ಮಾಡಿ ಏನು ಬಂತು ಎಂದುಕೊಂಡಳೋ ಏನೋ, "ನಿಮ್ಮ ಅಕ್ಕಿ, ನಿಮ್ಮ ಮಾತು" ಎಂದು ತಂಬಿಗೆ ತಂಬಿಗೆ ನೀರು ತೆಗೆದಳು.

ಮುಂದೆ ಆದದ್ದನ್ನು ಅನ್ನ ಬೇಯಿಸಿದವರು ಯಾರಾದರೂ ಊಹಿಸಬಹುದು. ನೀರೆಲ್ಲ ಇಂಗಿತು, ಅಕ್ಕಿ ಬೇಯಲಿಲ್ಲ. ಅನ್ವರಿ ಬೇಗಂ ಸೌಟಿನಲ್ಲಿ ನಾಲ್ಕು ಅಗುಳು ತೆಗೆದು ಅವನ ಅಂಗೈಗೆ ಹಾಕಿದಳು. ಬಾಯಿಗೆ ಹಾಕಿಕೊಂಡರೆ ಹಲ್ಲಿನಡಿ ಕಟ್ ಎಂದಿತು. ಈರುಳ್ಳಿ ಹೆಚ್ಚುವವರ ಕೈ ನಿಂತಿತು.

"ಇನ್ನೇನು ಮಾಡೋದು ಅಕ್ಕಾರ?" ಎಂದ ದೊಡ್ಡಪ್ಪ. ಅವನ ದನಿಯಲ್ಲಿ ಈಗ ಸಾವುಕಾರಿಕೆ ಇರಲಿಲ್ಲ.

"ಬ್ಯಾರೆ ಡಬರ್ಯಾಗ ನೀರು ಕುದಿಸಬೇಕು. ಅನ್ನದಾಗ ತೂತು ಹಾಕಿ ಸ್ವಲ್ಪ ಸ್ವಲ್ಪ ಬಿಡಬೇಕು. ಹಸಿ ಬಟ್ಟಿ ಮುಚ್ಚಿ ಸಣ್ಣ ಉರಿಮ್ಯಾಲ ಇಡಬೇಕು. ಸರಿ ಆದ್ರ ಆತು, ಆಗಲಿಲ್ಲಂದ್ರ ಇಲ್ಲ. ಮಂದಿ ಕಡಿಮಿ ಅದೀವಿ."

"ನಾ ಅದೀನಿ" ಎಂದ ದೊಡ್ಡಪ್ಪ. ಇಸ್ತ್ರಿ ಅಂಗಿಯ ತೋಳು ಮೇಲೇರಿಸಿದ.

ಆ ಹೊತ್ತಿಗೆ ಪಕೀರಪ್ಪ ಓಡುತ್ತ ಬಂದ. ಸಭೆ ಸೇರಿದೆ, ತಾಲೂಕುವಾರು ಹೆಸರು ಕರೆಯಲು ಶುರು ಮಾಡುತ್ತಾರೆ, ಬೇಗ ಬರಬೇಕು ಎಂದ. ದೊಡ್ಡಪ್ಪ ಕೈ ಒರೆಸಿಕೊಂಡು ಬಾಗಿಲವರೆಗೆ ಹೋದ. ಅಲ್ಲಿಂದ ಸಭಾಂಗಣ ಕಾಣುತ್ತಿತ್ತು. ಹತ್ತು ಹೆಜ್ಜೆ ಹಾಕಿದರೆ ವೇದಿಕೆ, ಹೆಸರು, ಹಾರ, ವರ್ಷಕ್ಕೆ ನಾಲ್ಕು ಸಲ ಈ ಕಮಾನು ದಾಟುವ ಹಕ್ಕು. ತಿರುಗಿ ನೋಡಿದರೆ ಡಬರಿಗಳು. ಇನ್ನೊಂದು ತಾಸಿಗೆ ಕಾವ್ಯಾ ಗೆಳತಿಯರ ನಡುವೆ ತಟ್ಟೆ ಹಿಡಿದು ಕೂಡುತ್ತಾಳೆ. ಕಲ್ಲಿನಂಥ ಅನ್ನ ಬಾಯಿಗಿಟ್ಟು ಯಾರಾದರೂ "ನಿಮ್ಮಪ್ಪನ ಅಕ್ಕಿ ಅಲ್ಲೇನಲೇ?" ಎಂದರೆ ಹುಡುಗಿ ಮತ್ತೊಮ್ಮೆ ಕಣ್ಣು ತುಂಬಿಕೊಳ್ಳಬೇಕು.

"ನಾ ಬರಂಗಿಲ್ಲ ಪಕೀರಪ್ಪಣ್ಣ" ಎಂದ. "ಮೇಡಂಗೆ ಹೇಳ್ರಿ, ಊಟ ತಡ ಆಗತದ. ತಪ್ಪು ದೊಡ್ಡಪ್ಪಂದು ಅಂತ ಮೈಕಿನ್ಯಾಗ ಹೇಳ್ಸ್ರಿ. ಅನ್ವರಿ ಅಕ್ಕಾರದಲ್ಲ."

ಅನ್ವರಿ ಬೇಗಂ ತಲೆಯೆತ್ತಿ ಅವನನ್ನು ಒಮ್ಮೆ ನೋಡಿದಳು. "ಆ ಹಂಡೆ ಹಿಡೀರಿ, ಅಣ್ಣಾರ" ಎಂದಳು.

ಸಭಾಂಗಣದ ಧ್ವನಿವರ್ಧಕದ ಒಂದು ಬಾಯಿ ಮೆಸ್ಸಿನ ಕಡೆಗೂ ಇತ್ತು. ಅನುರಾಧಾ ಮೇಡಂ ಹೇಳಿದ್ದು ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸಿತು: ಮಾನ್ವಿಯ ದೊಡ್ಡಪ್ಪನವರು ತಪ್ಪು ತಮ್ಮದೆಂದು ಹೇಳಿ ಕಳಿಸಿದ್ದಾರೆ, ಅವರೇ ಒಲೆಯ ಮುಂದೆ ನಿಂತಿದ್ದಾರೆ, ಊಟಕ್ಕೆ ಸ್ವಲ್ಪ ಕಾಯಬೇಕು. ನಗುವಿನ ದೊಡ್ಡ ಅಲೆ ಎದ್ದಿತು. ಊಟವಾಗುವವರೆಗೆ ಪಾಲಕರೇ ಬಂದು ಎರಡು ಮಾತು ಆಡಲಿ ಎಂದರು. ಯಾರೂ ಏಳದಿದ್ದಾಗ ಕೇಳಿಸಿದ್ದು ಪಕೀರಪ್ಪನ ದನಿ. "ನಾ ದಿನಾ ಬಸ್ಸಿನ್ಯಾಗ ಒಂದ ಮಾತು ಹೇಳಾಂವ್ರಿ. ಬಾಗಲದಾಗ ನಿಲ್ಲಬ್ಯಾಡ್ರಿ, ಒಳಗ ಬರ್ರಿ, ಒಳಗ ಜಾಗ ಅದ. ಇವತ್ತ ವಿಶ್ವವಿದ್ಯಾಲಯದವ್ರು ಅದನ್ನ ನಮಗ ಹೇಳ್ಯಾರ. ಅದಕ್ಕ ಶರಣು. ಚನ್ನಮಲ್ಲಮ್ಮಕ್ಕಾರ, ನೀವು ಬರ್ರಿ ಇಲ್ಲಿ."

ದೊಡ್ಡಪ್ಪ ಕುದಿಯುವ ನೀರಿನ ಹಂಡೆ ಹಿಡಿದಲ್ಲೇ ನಿಂತ. ಮೈಕಿನಲ್ಲಿ ಯಾರೋ ಉಸಿರು ಬಿಟ್ಟ ಸದ್ದು. ಆಮೇಲೆ ಅವನು ಇಷ್ಟು ವರ್ಷ ಮನೆಯ ಗೋಡೆಗಳ ನಡುವೆ ಮಾತ್ರ ಕೇಳಿದ್ದ ದನಿ ಇಡೀ ಕ್ಯಾಂಪಸ್ಸಿನ ಮೇಲೆ ಹರಡಿತು.

"ಶರಣ್ರೀ. ನಾ ಕಾವ್ಯಾನ ಅವ್ವ. ಮುಂಜಾನಿ ಮಗಳ ಪಕ್ಕ ಬೆಂಚಿನ ಮ್ಯಾಲ ಕುಂತಿದ್ನಿರಿ. ಮೇಡಂ ಹೇಳಿದ್ದು ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಆದ್ರ ಅಕಿ ಬರಕೋಳಾಗ ನಾಲಿಗಿ ತುದಿ ಹೊರಗ ಹಾಕ್ತಾಳ. ಸಣ್ಣಕಿದ್ದಾಗನೂ ಹಂಗ ಮಾಡ್ತಿದ್ಲು. ಅದನ್ನ ನೋಡಿ ನನಗ ಭಾಳ ಸಂತೋಷ ಆತು. ಆಮ್ಯಾಲ ಅದೇನೋ ಕಣ್ಣಿಟ್ಟು ನೋಡೋ ಯಂತ್ರದಾಗ ಭತ್ತದ ಎಲಿ ತೋರಿಸಿದ್ಲು. ಇಷ್ಟ ವರ್ಷ ಭತ್ತದಾಗ ಬದುಕೀವಿ, ಒಂದ್ ಎಲಿ ಒಳಗ ಮನಿಯಂಗ ಇಷ್ಟೊಂದು ಕ್ವಾಣಿ ಅದಾವಂತ ಗೊತ್ತಿರಲಿಲ್ಲ. ಅದನ್ನ ನಮ್ಮ ಮನಿಯವ್ರು ನೋಡಬೇಕಿತ್ತು. ಅವ್ರು ಒಲಿ ಮುಂದ ಅದಾರ."

ಮತ್ತೆ ನಗು. "ನಗಬ್ಯಾಡ್ರಿ" ಎಂದಳು ಚನ್ನಮಲ್ಲಮ್ಮ. "ಕರೀಲಿಲ್ಲಂದ್ರ ಬರಬ್ಯಾಡ ಅಂತ ಮಗಳು ಅವ್ರಿಗೆ ಹೇಳಿದ್ಲು. ಅಕಿದು ತಪ್ಪಿಲ್ಲ, ಇವ್ರು ಮಾಡಿದ್ದ ಹಂಗ ಇತ್ತು. ಅವತ್ತಿಂದ ಅವ್ರು ಒಳಗ ಕಾಲಿಟ್ಟಿಲ್ಲ. ಗುರುವಾರಕ್ಕೊಮ್ಮಿ ಯರಗೇರಾ ಕ್ರಾಸಿನ ತನಕ ಬಂದು, ಕಮಾನು ನೋಡಿ, ಛಾ ಕುಡದು ತಿರುಗಿ ಬರ್ತಾರ. ನನ್ನ ಮುಂದ ಗಂಜಿಗೆ ಹೋಗಿದ್ದೆ ಅಂತಾರ. ಗಂಜಿಗೆ ಯಾರರೆ ಅತ್ತರ ಹಚ್ಕೊಂಡು ಹೋಗ್ತಾರೇನ್ರಿ? ಹೋಳಿಗಿ ಡಬ್ಬಿ ತುಂಬಿದ್ದು ತುಂಬಿದಂಗ ಬರ್ತದ. ಕೇಳಿದ್ರ ಗೆಳ್ಯಾರಿಗೆಲ್ಲ ಸಕ್ಕರಿ ಕಾಯಿಲಿ ಅಂತಾರ. ನನಗ ಅನುಮಾನ ಇತ್ತು. ಕ್ರಾಸಿನ್ಯಾಗ ಕುಂತಿರೋದನ್ನ ಬಸ್ಸಿನ್ಯಾಗಿಂದ ನೋಡೀನಂತ ಇವತ್ತ ಪಕೀರಪ್ಪಣ್ಣಾರ ಹೇಳಿದ್ರು."

ಈ ಸಲ ಯಾರೂ ನಗಲಿಲ್ಲ.

"ಅದಕ ನಾ ಕೇಳ್ಕೊಳೋದು ಇಷ್ಟರಿ. ನಮ್ಮನ್ನ ಆಗಾಗ ಕರೀತಿರ್ರಿ. ಮಕ್ಕಳು ಓದೋದನ್ನ ಸುಮ್ನ ನೋಡಿ ಹೋಗ್ತೀವಿ." ಸ್ವಲ್ಪ ತಡೆದು, "ಇವ್ರು ಸುಮ್ನ ಇರ್ತಾರಂತ ನಾ ಜವಾಬ್ದಾರಿ ತಗೊಳಂಗಿಲ್ಲ. ನಾನಂತೂ ಇರ್ತೀನಿ" ಎಂದು ಇಳಿದಳು. ಚಪ್ಪಾಳೆ ಬಹಳ ಹೊತ್ತು ಕೇಳಿಸಿತು.

ದೊಡ್ಡಪ್ಪನಿಗೆ ಕಿವಿಯವರೆಗೆ ನಾಚಿಕೆಯಾಯಿತು. ಅಷ್ಟು ಜನರ ಮುಂದೆ ಗುಟ್ಟು ಬಯಲಾಯಿತಲ್ಲ ಎಂದು ಸಿಟ್ಟು ಬರಬೇಕಿತ್ತು. ಆದರೆ ಬರಲಿಲ್ಲ. ಹೆಂಡತಿ ಇಷ್ಟು ದಿನ ಅನುಮಾನವಿದ್ದೂ ಗುರುವಾರ ಗುರುವಾರ ಹೋಳಿಗೆ ಮಾಡಿ ಕೊಟ್ಟಳಲ್ಲ ಎಂಬುದೇ ಅವನ ಮನಸ್ಸಿನಲ್ಲಿ ತಿರುಗುತ್ತಿತ್ತು.

"ಉರಿ ಸಣ್ಣದು ಮಾಡ್ರಿ" ಎಂದಳು ಅನ್ವರಿ ಬೇಗಂ, ಅವನ ಮುಖದ ಕಡೆ ನೋಡದೆ. ಅವನು ಮಾಡಿದ.

ಪರಿಷತ್ತಿನ ಹೆಸರು ಕರೆಯುವಾಗ ಅಡುಗೆಮನೆಯಲ್ಲಿ ಯಾರಿಗೂ ಕಿವಿಯಿರಲಿಲ್ಲ. ಡಬರಿಯ ಮೇಲಿನ ಹಸಿ ಬಟ್ಟೆ ತೆಗೆಯುವ ಗಳಿಗೆ ಬಂದಿತ್ತು. ಅನ್ವರಿ ಬೇಗಂ ಒಂದು ಅಗುಳನ್ನು ಬೆರಳ ನಡುವೆ ಹಿಸುಕಿದಳು. ಅಗುಳು ಮೆತ್ತಗೆ ಒಡೆಯಿತು. ಹೆಂಗಸರೆಲ್ಲ ಒಮ್ಮೆಗೇ ಕೂಗಿಕೊಂಡರು. ತಳದ ಒಂದು ಪದರ ಇನ್ನೂ ಗಟ್ಟಿಯೇ ಇತ್ತು, ಅದನ್ನು ಬಿಟ್ಟು ಬಡಿಸಿದರಾಯಿತು. ಹಳೆಯ ಅಕ್ಕಿಯ ಘಮ ಹೊರಗಿನ ಸಾಲಿನವರೆಗೂ ಹೋಯಿತು.

ಊಟ ಅರ್ಧಕ್ಕೆ ಬಂದಾಗ ಕಾವ್ಯಾ ಅಡುಗೆಮನೆಗೆ ಬಂದಳು. ಅಪ್ಪ ಮೂಲೆಯ ಅಕ್ಕಿ ಚೀಲದ ಮೇಲೆ ಕುಳಿತಿದ್ದ. ಅಂಗಿಯ ತುಂಬ ಗಂಜಿ, ಮಸಿ. ಅತ್ತರಿನ ವಾಸನೆ ಹೋಗಿ ಹೊಗೆಯ ವಾಸನೆ ಹತ್ತಿತ್ತು. ಅವಳ ಕೈಯ ತಟ್ಟೆಯನ್ನಲ್ಲ, ಅವಳ ಮುಖ ನೋಡಿ ಕೇಳಿದ.

"ಅನ್ನ ಹೆಂಗ ಆಗೇದ?"

"ಚೊಲೊ ಆಗೇದ. ಎರಡನೇ ಸಲ ಹಾಕಿಸ್ಕೊಂಡೀನಿ."

"ಮಾನ್ವಿಯಿಂದ ಯಾರನ್ನ ಆರಿಸಿದ್ರಿ?"

"ಅವ್ವ."

ದೊಡ್ಡಪ್ಪ ಚೀಲದ ಮೇಲಿಂದ ಅರ್ಧ ಎದ್ದು ಮತ್ತೆ ಕುಳಿತ. "ಹುಡುಗರೆಲ್ಲಾ ಅವ್ವನ ಹೆಸರು ಕೂಗಿದ್ರು" ಎಂದಳು ಕಾವ್ಯಾ. "ನಿನ್ನ ಹೆಸರಿಗೆ ಒಂದ್ ಕೈಯೂ ಏಳಲಿಲ್ಲಪ್ಪಾ."

"ನಿಂದು?"

"ನಾನೂ ಅವ್ವಗ ಎತ್ತಿದ್ದು."

ಅವನು ಹೊಟ್ಟೆ ಕುಲುಕುವಂತೆ ನಕ್ಕುಬಿಟ್ಟ. ಸಂಘ ಸಮಿತಿಗಳಲ್ಲೆಲ್ಲ ಗೆದ್ದ ಮನುಷ್ಯ, ಹೆಂಡತಿಯ ಎದುರು ಠೇವಣಿ ಕಳೆದುಕೊಂಡಿದ್ದ. "ಸರಿಯಾದಕಿನ್ನ ಆರಿಸೀರಿ ಬಿಡವ್ವಾ" ಎಂದು ಎದ್ದ. ನಗು ನಿಂತಾಗ ಮಾತ್ರ ಮನಸ್ಸಿನ ತಳದಲ್ಲಿ ಏನೋ ಖಾಲಿಯಾದಂತಾಯಿತು. ಇನ್ನು ಕರೆ ಬರುವುದು ಅವಳಿಗೆ. ಇವನಿಗೆ ಮತ್ತದೇ ಕ್ರಾಸು, ಅದೇ ಬೆಂಚು.

ಕಾವ್ಯಾ ಹೋಗಲಿಲ್ಲ. ಓಢಣಿಯ ತುದಿಯಿಂದ ಅವನ ಹಣೆಯ ಮಸಿ ಒರೆಸಿದಳು.

"ಯಪ್ಪಾ, ಅವ್ವಗ ಕಾರ್ ಹೊಡಿಯಾಕ ಬರಂಗಿಲ್ಲ."

"ಹೂಂ."

"ಮೀಟಿಂಗಿಗೆ ಅಕಿನ್ನ ಯಾರು ಕರಕೊಂಡು ಬರಬೇಕು?" ಮಸಿಯಾದ ಓಢಣಿಯ ತುದಿಯನ್ನು ಮಡಿಚಿಕೊಂಡಳು. "ನೀನ ಬರಬೇಕು. ಗುರುವಾರನೂ ಬಾ. ಸಂಜಿಗೆ ನನಗ ಕ್ಲಾಸ್ ಇರಂಗಿಲ್ಲ. ಭತ್ತದ ಎಲಿ ನಿನಗ ತೋರಸಬೇಕು, ಈಗ ಲ್ಯಾಬಿಗೆ ಕೀಲಿ ಹಾಕ್ಯಾರ. ಕ್ರಾಸಿನ್ಯಾಗ ನಿಲ್ಲಬ್ಯಾಡಪ್ಪಾ. ಒಳಗ ಬಾ."

ದೊಡ್ಡಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ. ಕೈ ಗಂಜಿಯಾಗಿತ್ತು, ಅವಳು ಬೇಡ ಎನ್ನಲಿಲ್ಲ. "ಸೆಮಿನಾರ್ ಇದ್ದಾಗ ಬರಂಗಿಲ್ಲ" ಎಂದ ಕಡೆಗೆ.

"ಬಾ. ಆದ್ರ ಎದ್ದು ನಿಲ್ಲಬ್ಯಾಡ" ಎಂದು ಅವಳು ನಕ್ಕಳು.

ಹೊರಡುವ ಹೊತ್ತಿಗೆ ಪಕೀರಪ್ಪ ಬಾಳೆ ಎಲೆಯ ಸುರುಳಿ ಹಿಡಿದು ಬಂದು, "ಸಾವ್ಕಾರ್ರ, ಇದನ್ನೇನು ಮಾಡಲಿ? ನೀವ ಹೇಳ್ರಿ" ಎಂದ. ದೊಡ್ಡಪ್ಪ ಅದನ್ನು ಕಸಿದುಕೊಂಡು, ಬಿಚ್ಚಿ, ಎಲ್ಲರ ಎದುರಿಗೆ ಹೆಂಡತಿಯ ಕೊರಳಿಗೆ ಹಾಕಿದ. "ಅಯ್ಯ, ಇವ್ರಿಗೆ ಏನಾಗೇದ!" ಎಂದು ಚನ್ನಮಲ್ಲಮ್ಮ ಸೆರಗು ಬಾಯಿಗೆ ಹಿಡಿದಳು. ಹಾರವನ್ನು ಮಾತ್ರ ಕಾರು ಹತ್ತಿದ ಮೇಲೂ ತೆಗೆಯಲಿಲ್ಲ.

ಕ್ರಾಸಿಗೆ ಬಂದಾಗ ಸಂಜೆಯ ಬಿಸಿಲು ಇಳಿದಿತ್ತು. ದೊಡ್ಡಪ್ಪ ಕಾರು ನಿಲ್ಲಿಸಿ, ಹಿಂದಿನ ಸೀಟಿನಿಂದ ಹೋಳಿಗೆಯ ಡಬ್ಬಿ ತೆಗೆದುಕೊಂಡು ಇಳಿದ. ಡಬ್ಬಿಯಲ್ಲಿ ಎರಡೇ ಹೋಳಿಗೆ ಉಳಿದಿದ್ದವು, ಮಿಕ್ಕಿದ್ದೆಲ್ಲ ಹಾಸ್ಟೆಲ್ಲಿನ ಹುಡುಗಿಯರ ಪಾಲಾಗಿತ್ತು. ಅವೆರಡನ್ನು ದಸ್ತಗೀರ್ ಸಾಬನ ಕೈಗಿಟ್ಟ.

ದಸ್ತಗೀರ್ ಸಾಬ ಕಾರಿನಲ್ಲಿ ಕುಳಿತಿದ್ದ ಹಾರದ ಹೆಂಗಸನ್ನು ನೋಡಿದ, ಮಸಿಯಾದ ಅಂಗಿಯ ಸಾವುಕಾರನನ್ನು ನೋಡಿದ, ಕಾರು ಬಂದ ದಿಕ್ಕನ್ನು ನೋಡಿದ.

"ಇವತ್ತ ಒಳಗಿಂದ ಬಂದ್ರಲ್ಲ ಸಾವ್ಕಾರ್ರ?"

"ಹೂಂ" ಎಂದ ದೊಡ್ಡಪ್ಪ. "ಮಗಳು ಕರದಿದ್ಲು."